ಸವಾರೊ ಬೆಳೆಯುವುದನ್ನು ನೋಡುವುದು ಹೇಗೆ?

ಮಕ್ಕಳೇ, ಇವತ್ತು ಎರಡು ಹಳೆಯ ಫೋಟೊಗಳಿಂದ ಮಾತು ಶುರು ಮಾಡೋಣ. ಎರಡೂ ಅಮೆರಿಕದ ಅರಿಜೋನಾ ರಾಜ್ಯದವು. ಟೂಸಾನ್ ನಗರದ ಪಕ್ಕದ ಮರುಭೂಮಿಯಲ್ಲಿ, ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಮುಖ ಮಾಡಿ ತೆಗೆದವು.

ಮೊದಲನೆಯದು 1935ರದು. ಹಿಂದೆ ಬೆಟ್ಟಸಾಲು, ಮುಂದೆ ಬಯಲು. ಬಯಲಿನ ತುಂಬ ಕೈಗಳನ್ನು ಮೇಲಕ್ಕೆತ್ತಿ ನಿಂತ ದೈತ್ಯ ಕಳ್ಳಿಗಳು. ಅವು ಎಷ್ಟು ಒತ್ತಾಗಿದ್ದವೆಂದರೆ ಜನ ಆ ಜಾಗವನ್ನು ಕಳ್ಳಿಕಾಡು ಎಂದೇ ಕರೆಯುತ್ತಿದ್ದರು. ಎರಡನೆಯದು 1960ರದು. ಬೆಟ್ಟಸಾಲು ಅದೇ, ಅದರ ಒಂದೊಂದು ಏರುತಗ್ಗೂ ಅದೇ. ಆದರೆ ಬಯಲಿನಲ್ಲಿ ಕಳ್ಳಿಗಳು ಅಲ್ಲೊಂದು ಇಲ್ಲೊಂದು. ಆ ಕಾಡನ್ನು ಉಳಿಸಬೇಕೆಂದೇ 1933ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಕ್ಷಿತ ಸ್ಥಳವೆಂದು ಸಾರಿತ್ತು. ಕಾವಲು ಇದ್ದೂ ಗಿಡಗಳು ಎಲ್ಲಿಗೆ ಹೋದವು?

ಇದಕ್ಕೆ ಉತ್ತರ ಸಿಗಲು ಬಹಳ ವರ್ಷ ಹಿಡಿಯಿತು. ನಡುವೆ ಒಮ್ಮೆ ತಪ್ಪು ಉತ್ತರವನ್ನೇ ಸರಿಯೆಂದು ನಂಬಿದ್ದೂ ಉಂಟು. ಅಲ್ಲಿಗೆ ಹೋಗುವ ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಗಿಡ ಗೊತ್ತಿಲ್ಲದೆ ಅದರ ಫೋಟೊ ಅರ್ಥವಾಗುವುದಿಲ್ಲ.

ಇದರ ಹೆಸರು ಸವಾರೊ. ಅರಿಜೋನಾದ ದಕ್ಷಿಣ ಭಾಗದಿಂದ ಮೆಕ್ಸಿಕೊದ ಸೊನೊರಾ ರಾಜ್ಯದವರೆಗೆ ಹರಡಿರುವ ಸೊನೊರಾ ಮರುಭೂಮಿಯಲ್ಲಿ ಬಿಟ್ಟರೆ ಇದು ಜಗತ್ತಿನ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ನಮ್ಮ ಹೊಲದ ಬೇಲಿಯಲ್ಲಿ ಕಾಣುವ, ಮುರಿದರೆ ಹಾಲು ಸುರಿಸುವ ಕಳ್ಳಿ ಇದರ ನೆಂಟನಲ್ಲ. ಅದು ಔಡಲದ ಕುಟುಂಬಕ್ಕೆ ಸೇರಿದ್ದು. (ಆ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಮುಟ್ಟಬೇಡಿ.) ನಮ್ಮಲ್ಲಿ ಕಾಣುವ ಪಾಪಾಸುಕಳ್ಳಿ ಮಾತ್ರ ಸವಾರೊದ ನಿಜವಾದ ಬಂಧು. ಅದರ ಮೂಲವೂ ಅಮೆರಿಕ ಖಂಡವೇ. ಪಾಪಾಸುಕಳ್ಳಿಯನ್ನು ತುಸು ದೂರದಿಂದಲೇ ಗಮನಿಸಿ: ಮುಳ್ಳುಗಳು ಒಂದು ಪುಟ್ಟ ತುಪ್ಪುಳಿನ ಗುಡ್ಡೆಯಿಂದ ಗುಂಪಾಗಿ ಹೊರಟಿರುತ್ತವೆ. ಕ್ಯಾಕ್ಟಸ್ ಕುಟುಂಬದ ಗುರುತು ಅದು. ಸವಾರೊದಲ್ಲೂ ಹಾಗೆಯೇ. ದೂರದೂರದ ಎರಡು ಕುಟುಂಬಗಳು ಒಂದೇ ಬಗೆಯ ಬರಗಾಲವನ್ನು ಎದುರಿಸುತ್ತಾ ಬಂದು, ಕಾಲಾಂತರದಲ್ಲಿ ಒಂದೇ ಬಗೆಯ ಮೈ ಪಡೆದುಕೊಂಡಿವೆ. ಎಲೆ ಇಲ್ಲ, ಕಾಂಡವೇ ಹಸಿರು, ಒಳಗೆ ನೀರು, ಹೊರಗೆ ಮುಳ್ಳು.

ಸವಾರೊದ ವಿಶೇಷವೆಂದರೆ ಅದರ ನಿಧಾನ. ಬೀಜ ಮೊಳೆತು ಎಂಟು ವರ್ಷ ಕಳೆದರೂ ಅದರ ಎತ್ತರ ಮೂರು ನಾಲ್ಕು ಸೆಂಟಿಮೀಟರ್ ಇರಬಹುದು, ಅಷ್ಟೇ. ಮೊದಲ ಹೂ ಬಿಡುವ ಹೊತ್ತಿಗೆ ಸುಮಾರು 35 ವರ್ಷ. ಮೊದಲ ಕೈ ಮೂಡುವಾಗ 50ರಿಂದ 70 ವರ್ಷ, ಮಳೆ ಇನ್ನೂ ಕಡಿಮೆಯಿರುವ ಕಡೆ ನೂರರ ಹತ್ತಿರ. ಪೂರ್ತಿ ಬೆಳೆದು 12 ಮೀಟರ್ ಮುಟ್ಟುವ ಹೊತ್ತಿಗೆ ಅದನ್ನು ಮೊಳಕೆಯಾಗಿ ನೋಡಿದವರು ಯಾರೂ ಉಳಿದಿರುವುದಿಲ್ಲ. 150ರಿಂದ 200 ವರ್ಷ ಬದುಕುವ ಗಿಡ ಅದು. 1935ರ ಫೋಟೊದಲ್ಲಿ ಕಾಣುವ ದೊಡ್ಡ ಗಿಡಗಳಲ್ಲಿ ಹಲವು, ಫೋಟೊ ತೆಗೆಯುವ ವಿದ್ಯೆ ಹುಟ್ಟುವ ಮುಂಚೆಯೇ ಮೊಳೆತಿದ್ದವು.

ಇಲ್ಲೇ ನಮ್ಮ ಪ್ರಶ್ನೆ ಏಳುವುದು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಮುಗಿಯದ ಬೆಳವಣಿಗೆಯನ್ನು ನೋಡುವುದು ಹೇಗೆ? ಕ್ಯಾಮೆರಾ ನೆರವಿಗೆ ಬರುವುದು ಇಲ್ಲಿ. ಆದರೆ ಸುಮ್ಮನೆ ಕ್ಲಿಕ್ಕಿಸಿದರೆ ಸಾಲದು, ಮರುಭೂಮಿಯಲ್ಲಿ ಫೋಟೊ ತೆಗೆಯುವುದನ್ನು ಕಲಿಯಬೇಕು. ಅದನ್ನು ಕಲಿಯುತ್ತಾ ಹೋದಂತೆ ಗಿಡವೂ ಗೊತ್ತಾಗುತ್ತಾ ಹೋಗುತ್ತದೆ.

ಮೊದಲು ಬೆಳಕು. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ಸವಾರೊದ ಫೋಟೊ ತೆಗೆದರೆ ಗಿಡ ಚಪ್ಪಟೆಯಾಗಿ ಕಾಣುತ್ತದೆ. ಅದೇ ಗಿಡವನ್ನು ಬೆಳಗ್ಗೆಯೋ ಸಂಜೆಯೋ ನೋಡಿ. ಬೆಳಕು ಪಕ್ಕದಿಂದ ಬರುತ್ತದೆ. ಕಾಂಡದುದ್ದಕ್ಕೂ ಮೇಲಿಂದ ಕೆಳಕ್ಕೆ ಇಳಿದಿರುವ ಏಣುಗಳ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ನೆರಳಲ್ಲಿ ಅಡಗುತ್ತದೆ. ಆಗ ಗಿಡಕ್ಕೆ ದುಂಡನೆಯ ಮೈ ಇದೆ ಎಂದು ಕಣ್ಣಿಗೆ ತಿಳಿಯುತ್ತದೆ. ಆ ಹೊತ್ತಿನ ಬೆಳಕು ಹೊಂಬಣ್ಣದ್ದು, ಏಕೆಂದರೆ ಸೂರ್ಯ ಕೆಳಗಿರುವಾಗ ಅದರ ಬೆಳಕು ಹೆಚ್ಚು ದೂರ ಗಾಳಿಯನ್ನು ಹಾದು ಬರಬೇಕು. ದಾರಿಯಲ್ಲಿ ನೀಲಿ ಬಣ್ಣ ಅತ್ತಿತ್ತ ಚೆದರಿಹೋಗಿ ಕೆಂಪು, ಹಳದಿ ಹೆಚ್ಚಾಗಿ ಉಳಿಯುತ್ತವೆ.

ಫೋಟೊ ತೆಗೆಯುವವರು ಇನ್ನೂ ಒಂದು ಉಪಾಯ ಮಾಡುತ್ತಾರೆ. ಸೂರ್ಯನಿಗೂ ತಮಗೂ ನಡುವೆ ಗಿಡ ಇರುವಂತೆ ನಿಲ್ಲುತ್ತಾರೆ. ಆಗ ಗಿಡದ ಅಂಚಿನುದ್ದಕ್ಕೂ ಮುಳ್ಳುಗಳು ಬೆಳಗುತ್ತವೆ. ಈ ಚಿತ್ರಗಳನ್ನು ಬರೀ ಅಂದಕ್ಕಾಗಿ ತೆಗೆಯುತ್ತಾರೆ ಎಂದುಕೊಳ್ಳಬೇಡಿ. ಅಂಚಿನಲ್ಲಿ ಮುಳ್ಳು ಎಷ್ಟು ದಟ್ಟವಾಗಿದೆ, ತುದಿಯಲ್ಲಿ ಇನ್ನೂ ಎಷ್ಟು ದಟ್ಟ ಎಂದು ಆಗ ಸ್ಪಷ್ಟವಾಗಿ ಕಾಣುತ್ತದೆ. ಮುಳ್ಳು ಎಂದರೆ ಪ್ರಾಣಿಗಳನ್ನು ದೂರವಿಡುವ ಆಯುಧ ಎಂದು ನಾವು ಓದುತ್ತೇವೆ. ಸವಾರೊದ ಮುಳ್ಳಿಗೆ ಬೇರೆ ಕೆಲಸವೂ ಇದೆ. ಅವು ಕಾಂಡಕ್ಕೆ ನೆರಳು ಕೊಡುತ್ತವೆ, ಬಿಸಿಗಾಳಿ ನೇರವಾಗಿ ಮೈಗೆ ತಾಗದಂತೆ ತಡೆಯುತ್ತವೆ. ಬೆಳೆಯುವ ಎಳೆ ತುದಿಯನ್ನು ಚಳಿಯಿಂದಲೂ ಕಾಯುತ್ತವೆ. ಚಳಿಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಅಳತೆ. ಮರುಭೂಮಿಯಲ್ಲಿ ಮನೆ ಇಲ್ಲ, ಕರೆಂಟು ಕಂಬ ಇಲ್ಲ. ಫೋಟೊದಲ್ಲಿ ಒಂಟಿಯಾಗಿ ನಿಂತ ಸವಾರೊ ಮೂರು ಮೀಟರೋ ಹನ್ನೆರಡು ಮೀಟರೋ ಹೇಳಲಾಗುವುದಿಲ್ಲ. ಅದಕ್ಕೇ ಹಳೆಯ ಫೋಟೊಗಳಲ್ಲಿ ಗಿಡದ ಬುಡದಲ್ಲಿ ಒಬ್ಬ ಮನುಷ್ಯನೋ ಕುದುರೆಯೋ ನಿಂತಿರುತ್ತದೆ. ಮನುಷ್ಯ ಗಿಡಕ್ಕೆ ಅಂಟಿದಂತೆಯೇ ನಿಲ್ಲಬೇಕು. ಕ್ಯಾಮೆರಾದ ಕಡೆಗೆ ನಾಲ್ಕು ಹೆಜ್ಜೆ ಬಂದರೂ ಅವನು ದೊಡ್ಡವನಾಗಿ, ಗಿಡ ಕುಳ್ಳಾಗಿ ಕಾಣುತ್ತದೆ. ವಿಜ್ಞಾನಿಗಳು ಮನುಷ್ಯನ ಬದಲು ಗುರುತು ಹಾಕಿದ ಉದ್ದ ಕೋಲನ್ನು ನಿಲ್ಲಿಸುತ್ತಾರೆ.

ಮಧ್ಯಾಹ್ನ ದೂರದ ಗಿಡವನ್ನು ದೊಡ್ಡ ಲೆನ್ಸಿನಿಂದ ಹಿಡಿಯಲು ಹೋದರೆ ಚಿತ್ರ ಕಲಸಿಹೋಗುತ್ತದೆ. ಕೈ ಅಲುಗಿರುವುದಿಲ್ಲ, ಲೆನ್ಸಿನಲ್ಲೂ ದೋಷವಿರುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ತೆಳ್ಳಗಾಗುತ್ತದೆ, ಅದರ ಮೇಲಿನದು ಅಷ್ಟು ಬಿಸಿಯಿರುವುದಿಲ್ಲ. ಬೆಳಕು ಒಂದರಿಂದ ಇನ್ನೊಂದಕ್ಕೆ ಹಾದುಹೋಗುವಾಗ ಬಾಗುತ್ತದೆ. ಗಾಳಿ ಕದಲುತ್ತಲೇ ಇರುವುದರಿಂದ ಬಾಗುವಿಕೆಯೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಡಾಂಬರು ರಸ್ತೆಯ ಮೇಲೆ ದೂರದಲ್ಲಿ ನೀರು ಹೊಳೆದಂತೆ ಕಾಣುವುದಕ್ಕೂ ಇದೇ ಕಾರಣ.

ನನಗೆ ಬಹಳ ಇಷ್ಟವಾಗುವುದು ಒಂದೇ ಗಿಡವನ್ನು ಮಳೆಗೆ ಮುಂಚೆ, ಮಳೆಯಾದ ಮೇಲೆ ತೆಗೆದ ಜೋಡಿ ಚಿತ್ರ. ಸೊನೊರಾದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಚಳಿಗಾಲದಲ್ಲಿ ಮೆಲ್ಲನೆ ಸುರಿಯುವುದು ಒಂದು, ಜುಲೈ ಹೊತ್ತಿಗೆ ಗುಡುಗು ಸಿಡಿಲಿನ ಜೊತೆ ಬರುವುದು ಇನ್ನೊಂದು. ಮಳೆಗೆ ಮುಂಚೆ ಸವಾರೊದ ಏಣುಗಳ ನಡುವಿನ ಮಡಿಕೆಗಳು ಆಳವಾಗಿ, ಮೈ ಸೊರಗಿರುತ್ತದೆ. ಮಳೆಯಾದ ಮೇಲೆ ಹಾರ್ಮೋನಿಯಂನ ತಿದಿ ಬಿಚ್ಚಿದಂತೆ ಮಡಿಕೆಗಳು ಬಿಚ್ಚಿಕೊಂಡು ಗಿಡ ದಪ್ಪವಾಗುತ್ತದೆ. ತೊಗಟೆ ಸೀಳದೆ ನೂರಾರು ಲೀಟರ್ ನೀರು ಒಳಗೆ ಹಿಡಿಯುತ್ತದೆ. ಈ ನೀರನ್ನು ಹೀರುವ ಬೇರುಗಳು ಆಳಕ್ಕೆ ಹೋಗಿರುವುದಿಲ್ಲ. ಬಹುಪಾಲು ಬೇರುಗಳು ನೆಲದಿಂದ 10-15 ಸೆಂಟಿಮೀಟರ್ ಕೆಳಗೇ ಸುತ್ತಲೂ ಹರಡಿರುತ್ತವೆ, ಗಿಡ ಎಷ್ಟು ಎತ್ತರವೋ ಸುಮಾರು ಅಷ್ಟೇ ದೂರಕ್ಕೆ. ಮರುಭೂಮಿಯ ಮಳೆ ಮೇಲ್ಮಣ್ಣನ್ನಷ್ಟೇ ನೆನೆಸಿ ಹೋಗುತ್ತದೆ. ಅದು ಆರುವ ಮೊದಲೇ ಕುಡಿದುಬಿಡಬೇಕು.

ಹಗಲಿನ ಫೋಟೊಗಳಿಗಿಂತ ಕಷ್ಟದವು ರಾತ್ರಿಯವು. ಸವಾರೊದ ಬಿಳಿ ಹೂ ಅರಳುವುದು ರಾತ್ರಿ, ಮೇ-ಜೂನ್ ತಿಂಗಳಲ್ಲಿ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಡಿಹೋಗುತ್ತದೆ. ಒಂದು ಹೂವಿನ ಬದುಕು ಒಂದು ದಿನಕ್ಕೂ ಕಡಿಮೆ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ, ಕೆಲವು ನಿಮಿಷಕ್ಕೊಂದರಂತೆ ರಾತ್ರಿಯಿಡೀ ಚಿತ್ರ ತೆಗೆದು, ಆಮೇಲೆ ಎಲ್ಲವನ್ನೂ ವೇಗವಾಗಿ ಓಡಿಸಿದರೆ ಮೊಗ್ಗು ಬಿರಿಯುವುದು ಕಣ್ಣೆದುರೇ ಕಾಣುತ್ತದೆ. ಬೇಸಿಗೆಯಲ್ಲಿ ಮೆಕ್ಸಿಕೊದಿಂದ ಹಾರಿ ಬರುವ ಉದ್ದಮೂತಿಯ ಬಾವಲಿಗಳು ಈ ಹೂಗಳಿಗೆ ಮುಖ ತೂರಿಸಿ ಮಕರಂದ ಕುಡಿಯುತ್ತವೆ, ತಲೆಗೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತವೆ. ಹಗಲಾದ ಮೇಲೆ ಅದೇ ಕೆಲಸವನ್ನು ಬಿಳಿರೆಕ್ಕೆಯ ಪಾರಿವಾಳಗಳೂ ಜೇನ್ನೊಣಗಳೂ ಮುಂದುವರಿಸುತ್ತವೆ. ಬಾವಲಿ ಹೂವಿಗೆ ಮುಖವಿಡುವುದು ಕ್ಷಣಮಾತ್ರ. ಮರ್ಲಿನ್ ಟಟಲ್ ಎಂಬ ಬಾವಲಿ ವಿಜ್ಞಾನಿ ಆ ಕ್ಷಣವನ್ನು ಹಿಡಿದರು. ಪರಾಗದಿಂದ ಹಳದಿಯಾದ ಮುಖದ ಬಾವಲಿಯ ಚಿತ್ರ ನೋಡಿದ ಮೇಲೆ, ಬಾವಲಿ ಎಂದರೆ ಹೆದರುತ್ತಿದ್ದ ಎಷ್ಟೋ ಜನರ ಮನಸ್ಸು ಬದಲಾಯಿತು. ಅಳಿವಿನ ಅಂಚಿನಲ್ಲಿದ್ದ ಈ ಜಾತಿ ಚೇತರಿಸಿಕೊಂಡು 2018ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಹೊರಬಂದಿದೆ.

ಯಾವ ಕ್ಯಾಮೆರಾಕ್ಕೂ ಸಿಗದ ಒಂದು ಕೆಲಸ ಕೂಡ ಆ ಕತ್ತಲಲ್ಲಿ ನಡೆಯುತ್ತಿರುತ್ತದೆ. ನಿಮ್ಮ ಶಾಲೆಯ ಬೇವಿನ ಮರ ಹಗಲು ತನ್ನ ಎಲೆಗಳ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತದೆ. ರಂಧ್ರ ತೆರೆದಾಗಲೆಲ್ಲ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಸವಾರೊ ಹಗಲು ಅದನ್ನು ಮಾಡಿದರೆ ಬದುಕಲಾರದು. ಅದಕ್ಕೇ ಅದು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆಯುತ್ತದೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಮಾರ್ಪಡಿಸಿ ಕೂಡಿಡುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು, ಕೂಡಿಟ್ಟದ್ದರಿಂದ ಬಿಸಿಲಿನ ಬಲದಲ್ಲಿ ಸಕ್ಕರೆ ತಯಾರಿಸುತ್ತದೆ. ರಾತ್ರಿ ತಂಪಾಗಿರಲೇಬೇಕು ಎಂಬುದು ಅದರ ಬದುಕಿನ ಷರತ್ತು.

ಜೂನ್ ಕೊನೆಯ ಹೊತ್ತಿಗೆ ಹಣ್ಣಾಗುತ್ತದೆ. ಆ ಮರುಭೂಮಿಯಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ತೊಹೊನೊ ಓಧಮ್ ಜನ ಉದ್ದನೆಯ ದೋಟಿ ಹಿಡಿದು ಹಣ್ಣು ಕೀಳುತ್ತಾರೆ. ಆ ದೋಟಿಯನ್ನು ಮಾಡುವುದೂ ಸತ್ತ ಸವಾರೊದ ಒಳಗಿನ ಒಣ ಕಡ್ಡಿಗಳಿಂದಲೇ. ಅವರ ಹೊಸ ವರ್ಷ ಆಗ ಶುರು, ಮಳೆಗಾಗಿ ಕಾಯುವ ದಿನಗಳೂ ಅವೇ. ಅವರಿಗೆ ಸವಾರೊ ಬರೀ ಗಿಡವಲ್ಲ, ಅದೂ ಒಬ್ಬ ವ್ಯಕ್ತಿ. ಫೋಟೊಕ್ಕಾಗಿ ಅದಕ್ಕೆ ಒರಗುವುದು, ಅದರ ಮೈಮೇಲೆ ಹೆಸರು ಕೆತ್ತುವುದು ಎಷ್ಟು ಕೆಟ್ಟ ಕೆಲಸ ಎಂದು ಇದರಿಂದ ತಿಳಿಯಿರಿ.

ಈಗ ನಮ್ಮ ಪ್ರಶ್ನೆಗೆ ಹತ್ತಿರ ಬರೋಣ. ಮರುಭೂಮಿಯ ಫೋಟೊಗಳ ಇತಿಹಾಸ ಬಹಳ ಹಳೆಯದು. 1867ರಲ್ಲಿ ತಿಮೋತಿ ಓಸಲಿವನ್ ಎಂಬ ಛಾಯಾಗ್ರಾಹಕ ಸರ್ಕಾರದ ಸಮೀಕ್ಷಾ ತಂಡದ ಜೊತೆ ಅಮೆರಿಕದ ಪಶ್ಚಿಮದ ಒಣ ಸೀಮೆಗೆ ಹೊರಟ. ಆಗ ಫಿಲ್ಮ್ ಇರಲಿಲ್ಲ. ಗಾಜಿನ ಫಲಕಕ್ಕೆ ಅಂಟುದ್ರಾವಣ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಹಸಿಯಾಗಿರುವಾಗಲೇ ತೊಳೆಯಬೇಕಿತ್ತು. ಮರುಭೂಮಿಯ ಬಿಸಿಗೆ ಅದು ಬೇಗ ಆರಿಹೋಗುವುದು ಬೇರೆ. ಅದಕ್ಕಾಗಿ ಅವನು ಹೇಸರಗತ್ತೆಗಳು ಎಳೆಯುವ ಗಾಡಿಯನ್ನೇ ಕತ್ತಲಕೋಣೆ ಮಾಡಿಕೊಂಡಿದ್ದ. ನೆವಾಡಾದ ಕಾರ್ಸನ್ ಮರಳುಗುಡ್ಡೆಗಳಲ್ಲಿ ಅವನು ತೆಗೆದ ಒಂದು ಚಿತ್ರದಲ್ಲಿ ಆ ಗಾಡಿ ನಿಂತಿದೆ. ಗಾಡಿಯಿಂದ ಕ್ಯಾಮೆರಾದವರೆಗೆ ಮರಳಿನ ಮೇಲೆ ಅವನದೇ ಹೆಜ್ಜೆಗುರುತುಗಳಿವೆ. ಸೂರ್ಯಾಸ್ತದ ನೂರು ಬಣ್ಣದ ಚಿತ್ರಗಳಿಗಿಂತ ಇದೊಂದು ನನಗೆ ಮೇಲು. ಯಾರೋ ಒಬ್ಬ ಮನುಷ್ಯ ಇಂಥ ಜಾಗದಲ್ಲಿ ನಿಂತು ಇದನ್ನು ನೋಡಿದ ಎಂಬುದಕ್ಕೆ ಚಿತ್ರದೊಳಗೇ ಸಾಕ್ಷಿ ಇದೆ.

ಎಲ್ಲಿ ನಿಂತು ತೆಗೆದದ್ದು, ಯಾವಾಗ ತೆಗೆದದ್ದು ಎಂಬ ಈ ಎರಡು ಸಂಗತಿಗಳು ಗೊತ್ತಿದ್ದರೆ, ಮುಂದೆ ಇನ್ನೊಬ್ಬರು ಅಲ್ಲೇ ಹೋಗಿ ನಿಲ್ಲಬಹುದು.

ಟೂಸಾನ್ ನಗರದಲ್ಲಿ ಟುಮಮಾಕ್ ಎಂಬ ಗುಡ್ಡ ಇದೆ. 1903ರಲ್ಲಿ ಕಾರ್ನೆಗಿ ಸಂಸ್ಥೆ ಅಲ್ಲೊಂದು ಮರುಭೂಮಿ ಪ್ರಯೋಗಾಲಯ ಕಟ್ಟಿತು. ಸವಾರೊದ ವೈಜ್ಞಾನಿಕ ಹೆಸರು ಕಾರ್ನೆಗಿಯಾ ಜೈಗ್ಯಾಂಟಿಯಾ ಆದದ್ದು ಆ ಸಂಸ್ಥೆಗೆ ಹಣ ಕೊಟ್ಟ ಆಂಡ್ರೂ ಕಾರ್ನೆಗಿ ನೆನಪಿಗೆ. 1906ರಲ್ಲಿ ವೋಲ್ನಿ ಸ್ಪಾಲ್ಡಿಂಗ್ ಎಂಬ ಸಸ್ಯವಿಜ್ಞಾನಿ ಗುಡ್ಡದ ಮೇಲೆ ಕೆಲವು ತುಂಡು ನೆಲಗಳನ್ನು ಗುರುತುಮಾಡಿ ಗಿಡಗಳ ಲೆಕ್ಕ ಶುರುಮಾಡಿದರು. ಆ ನೆಲಗಳನ್ನು ಇವತ್ತಿಗೂ ನೋಡಿಕೊಂಡು ಬರುತ್ತಿದ್ದಾರೆ, ನೂರು ವರ್ಷ ದಾಟಿತು. ಫಾರೆಸ್ಟ್ ಶ್ರೀವ್ ಎಂಬ ಇನ್ನೊಬ್ಬ ವಿಜ್ಞಾನಿ ಸವಾರೊಗಳನ್ನು ಅಳೆದು, ಎಷ್ಟು ಎತ್ತರವಿದ್ದರೆ ಎಷ್ಟು ವಯಸ್ಸು ಎಂಬ ಅಂದಾಜನ್ನು 1910ರಲ್ಲಿ ಪ್ರಕಟಿಸಿದರು. ಇದು ಸುಲಭದ ಕೆಲಸವಲ್ಲ. ತೇಗವನ್ನು ಕೊಯ್ದರೆ ಉಂಗುರ ಎಣಿಸಬಹುದು. ಸವಾರೊದ ಒಳಗೆ ಹಾಗೆ ಎಣಿಸುವಂಥ ಉಂಗುರಗಳಿಲ್ಲ. ಮತ್ತೆ ಮತ್ತೆ ಅಳೆದು, ವರ್ಷಕ್ಕೆ ಎಷ್ಟು ಬೆಳೆಯಿತು ಎಂದು ಕಂಡುಕೊಂಡೇ ವಯಸ್ಸು ಹೇಳಬೇಕು.

ಅದೇ ಮರುಭೂಮಿಯಲ್ಲಿ ಮುಂದೆ ಜೇಮ್ಸ್ ಹೇಸ್ಟಿಂಗ್ಸ್ ಮತ್ತು ರೇಮಂಡ್ ಟರ್ನರ್ ಎಂಬ ಇಬ್ಬರು ಹಳೆಯ ಫೋಟೊಗಳನ್ನು ಹುಡುಕತೊಡಗಿದರು. ಗಣಿಯವರು, ಗಡಿ ಅಳೆಯುವವರು, ಪ್ರವಾಸಿಗಳು ಯಾವ್ಯಾವುದೋ ಕಾರಣಕ್ಕೆ ತೆಗೆದಿದ್ದ ಚಿತ್ರಗಳು ಅವು. ಇಬ್ಬರೂ ಆ ಚಿತ್ರಗಳನ್ನು ಕೈಯಲ್ಲಿ ಹಿಡಿದು ಗುಡ್ಡಬೆಟ್ಟ ಅಲೆದು, ಹಿಂದಿನವರು ನಿಂತ ಜಾಗವನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಹಳೆಯದನ್ನೂ ಹೊಸದನ್ನೂ ಜೋಡಿಯಾಗಿಟ್ಟು 1965ರಲ್ಲಿ ‘ದ ಚೇಂಜಿಂಗ್ ಮೈಲ್’ ಎಂಬ ಪುಸ್ತಕ ಹೊರತಂದರು. ಟರ್ನರ್ ಅಲ್ಲಿಗೇ ನಿಲ್ಲಿಸದೆ ಅದೇ ಜಾಗಗಳಿಗೆ ಮತ್ತೆ ಹೋದರು. 2003ರಲ್ಲಿ ಬಂದ ಇನ್ನೊಂದು ಪುಸ್ತಕದಲ್ಲಿ ಜೋಡಿ ಚಿತ್ರಗಳು ಮೂರು ಮೂರರ ಗುಂಪಾದವು. ಇಂಥ ಸಾವಿರಾರು ಜಾಗಗಳ ಚಿತ್ರಗಳು ಈಗ ಒಂದೇ ಸಂಗ್ರಹದಲ್ಲಿವೆ.

ಹಿಂದಿನವರು ನಿಂತ ಜಾಗವನ್ನು ಹುಡುಕುವುದು ಹೇಗೆ? ನೆಲದ ಮೇಲೆ ಗುರುತಿಲ್ಲ, ನಕ್ಷೆ ಇಲ್ಲ, ಇರುವುದು ಒಂದು ಫೋಟೊ. ಈ ಕೆಲಸದಲ್ಲಿ ನನ್ನನ್ನು ಮರುಳು ಮಾಡಿದ ಭಾಗವೇ ಇದು. ನೀವೂ ಕುಳಿತಲ್ಲೇ ಮಾಡಿ ನೋಡಬಹುದು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿಯಿರಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಬೆರಳು ಅಲುಗಲಿಲ್ಲ, ನೋಡುವ ಜಾಗ ಬದಲಾಯಿತು, ಅಷ್ಟೇ. ಹತ್ತಿರದ ವಸ್ತು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಇದಕ್ಕೆ ವಿಜ್ಞಾನದಲ್ಲಿ ಪ್ಯಾರಲಾಕ್ಸ್ ಎನ್ನುತ್ತಾರೆ.

ಈಗ ಹಳೆಯ ಫೋಟೊ ನೋಡಿ. ಹತ್ತಿರದ ಬಂಡೆಯ ತುದಿ ದೂರದ ಬೆಟ್ಟದ ಒಂದು ಕಣಿವೆಗೆ ಸರಿಯಾಗಿ ಕೆಳಗಿದೆ ಎಂದುಕೊಳ್ಳಿ. ನೀವು ಅಲ್ಲಿಗೆ ಹೋದಾಗ ಬಂಡೆಯ ತುದಿ ಕಣಿವೆಯ ಬಲಕ್ಕೆ ಕಂಡರೆ ನೀವು ಹೆಚ್ಚು ಎಡಕ್ಕೆ ನಿಂತಿದ್ದೀರಿ, ಬಲಕ್ಕೆ ಸರಿಯಬೇಕು. ಎಡಕ್ಕೆ ಕಂಡರೆ ಎಡಕ್ಕೆ ಸರಿಯಬೇಕು. ಎರಡೂ ಒಂದೇ ಗೆರೆಗೆ ಬಂದಾಗ ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಹಳೆಯ ಕ್ಯಾಮೆರಾ ಇತ್ತು ಎಂದು ಖಚಿತ. ಆದರೆ ಎಷ್ಟು ಹಿಂದೆ, ಎಷ್ಟು ಮುಂದೆ? ಅದಕ್ಕೆ ಇನ್ನೊಂದು ಬಂಡೆ, ಇನ್ನೊಂದು ಶಿಖರ ಬೇಕು. ಎರಡನೆಯ ಗೆರೆ ಮೊದಲನೆಯದನ್ನು ಕತ್ತರಿಸುವ ಜಾಗವೇ ಹಳೆಯ ಕ್ಯಾಮೆರಾ ನಿಂತ ಜಾಗ. ಬಂಡೆಗಳು ನೂರು ವರ್ಷದಲ್ಲಿ ಕದಲಿರುವುದಿಲ್ಲ ಎಂಬ ಭರವಸೆಯ ಮೇಲೆ ಇಡೀ ವಿದ್ಯೆ ನಿಂತಿದೆ. ಜಾಗ ಸಿಕ್ಕ ಮೇಲೆ ನೆರಳುಗಳನ್ನು ನೋಡಬೇಕು. ನೆರಳು ಬಿದ್ದ ಕಡೆ ಮತ್ತು ಅದರ ಉದ್ದದಿಂದ ಯಾವ ಋತು, ಯಾವ ಹೊತ್ತು ಎಂದು ಲೆಕ್ಕ ಹಾಕಿ, ಅದೇ ಹೊತ್ತಿಗೆ ಕಾದು ಚಿತ್ರ ತೆಗೆಯಬೇಕು.

ಟರ್ನರ್ ಹೀಗೆ ಹೋದ ಜಾಗಗಳಲ್ಲಿ ಒಂದು ಮೆಕ್ಸಿಕೊದ ಪಿನಕಾಟೆ ಎಂಬ ಲಾವಾ ಸೀಮೆಯಲ್ಲಿರುವ ಮ್ಯಾಕ್‌ಡೂಗಲ್ ಕುಳಿ. ಜ್ವಾಲಾಮುಖಿಯಿಂದಾದ ದೊಡ್ಡ ಕುಳಿ ಅದು. 1907ರಲ್ಲಿ ಪ್ರಯೋಗಾಲಯದ ಡೇನಿಯಲ್ ಮ್ಯಾಕ್‌ಡೂಗಲ್ ಇದ್ದ ತಂಡ ಅಲ್ಲಿಗೆ ಹೋಗಿ ಫೋಟೊ ತೆಗೆದಿತ್ತು. ಕುಳಿಯ ಗೋಡೆ ಕಡಿದಾದ್ದರಿಂದ ದನಗಳು ಒಳಗಿಳಿಯಲಾರವು, ಜನ ಅಲ್ಲಿ ಬೇಸಾಯ ಮಾಡಿಲ್ಲ. ಅಂಥ ಜಾಗ ವಿಜ್ಞಾನಿಗೆ ಬಹಳ ಬೆಲೆಯುಳ್ಳದ್ದು. ಅಲ್ಲೂ ಗಿಡಗಳು ಬದಲಾಗಿದ್ದರೆ ಅದಕ್ಕೆ ದನ ಕಾರಣವಲ್ಲ, ಕೊಡಲಿ ಕಾರಣವಲ್ಲ. ಚಿತ್ರಗಳನ್ನು ಜೋಡಿಸಿ ನೋಡಿದಾಗ ಅಲ್ಲೂ ಗಿಡಗಳು ಬದಲಾಗಿದ್ದವು. ಮಳೆ, ಬರಗಳ ಏರಿಳಿತದ ಜೊತೆ ಗಿಡಗಳ ಸಂಖ್ಯೆಯೂ ಏರಿಳಿದಿತ್ತು. ಸವಾರೊದ ಮರಿಗಳು ಪ್ರತಿ ವರ್ಷ ಸಮನಾಗಿ ಹುಟ್ಟಿ ಬದುಕುವುದಿಲ್ಲ. ಒಳ್ಳೆಯ ವರ್ಷಗಳು ಬಂದಾಗ ಒಟ್ಟಿಗೆ ಬರುತ್ತವೆ, ಆಮೇಲೆ ದಶಕಗಟ್ಟಲೆ ಇಲ್ಲ.

ಇಷ್ಟು ತಿಳಿದ ಮೇಲೆ 1935ರ ಆ ಫೋಟೊಕ್ಕೆ ಹೋಗೋಣ. ಕಳ್ಳಿಕಾಡಿನ ಗಿಡಗಳು ಕೊಳೆತು ಬೀಳತೊಡಗಿದಾಗ ವಿಜ್ಞಾನಿಗಳು ಕೊಳೆತ ಭಾಗವನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯ ಸಿಕ್ಕಿತು. ರೋಗವೇ ಕಾರಣ ಎಂದು 1940ರ ಸುಮಾರಿಗೆ ರೋಗ ತಗುಲಿದ ಗಿಡಗಳನ್ನು ಕಡಿದು ಹೊಂಡಗಳಲ್ಲಿ ಹೂತರು. ಸಾವು ನಿಲ್ಲಲಿಲ್ಲ. ವಾರೆನ್ ಸ್ಟೀನ್‌ಬರ್ಗ್ ಮತ್ತು ಚಾರ್ಲ್ಸ್ ಲೋವ್ ಎಂಬ ಇಬ್ಬರ ದೀರ್ಘ ಕೆಲಸದಿಂದ 1970ರ ದಶಕದಲ್ಲಿ ನಿಜವಾದ ಕಾರಣ ಬೆಳಕಿಗೆ ಬಂತು: ಚಳಿ. 1937ರ ಜನವರಿಯಲ್ಲಿ ಅಲ್ಲಿ ಭಾರಿ ಚಳಿ ಬಿದ್ದಿತ್ತು. ರಾತ್ರಿ ಹೆಪ್ಪುಗಟ್ಟಿದ್ದು ಮರುದಿನ ಬಿಸಿಲಿಗೆ ಕರಗಿದರೆ ಸವಾರೊ ತಾಳಿಕೊಳ್ಳುತ್ತದೆ. ಹಗಲೂ ಕರಗದೆ ಹಾಗೇ ಉಳಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶಗಳು ಸಾಯುತ್ತವೆ. ಆದರೆ ಗಿಡ ಒಡನೆಯೇ ಬೀಳುವುದಿಲ್ಲ. ಸತ್ತ ಭಾಗಕ್ಕೆ ಬ್ಯಾಕ್ಟೀರಿಯ ಸೇರಿ, ಮೆಲ್ಲಗೆ ಕೊಳೆತು, ಎಷ್ಟೋ ವರ್ಷಗಳ ಮೇಲೆ ಉರುಳುತ್ತದೆ. ಅಷ್ಟು ಹೊತ್ತಿಗೆ ಆ ಚಳಿಯನ್ನು ಎಲ್ಲರೂ ಮರೆತಿರುತ್ತಾರೆ.

ಹಳೆಯವು ಸತ್ತರೆ ಮರಿಗಳು ಅವುಗಳ ಜಾಗಕ್ಕೆ ಬರಬೇಕಿತ್ತಲ್ಲ? ಫೋಟೊವನ್ನು ಇನ್ನೊಮ್ಮೆ ನೋಡಿ. ಎಲ್ಲವೂ ದೊಡ್ಡ ಗಿಡಗಳೇ. ಅಷ್ಟು ಸುಂದರವಾದ ಚಿತ್ರದಲ್ಲಿ ಮರಿಗಳೇ ಇಲ್ಲ. ಒಂದು ಸವಾರೊ ತನ್ನ ಬದುಕಿನಲ್ಲಿ ಸುಮಾರು 4 ಕೋಟಿ ಬೀಜ ಕೊಡುತ್ತದೆ ಎಂಬ ಲೆಕ್ಕವಿದೆ, ಆದರೆ ಬಯಲಲ್ಲಿ ಬಿದ್ದ ಬೀಜ ಉಳಿಯುವುದಿಲ್ಲ. ಪಾಲೊವರ್ಡೆ, ಮೆಸ್ಕೀಟ್ ಮೊದಲಾದ ಮರಗಳ ನೆರಳಲ್ಲಿ ಬಿದ್ದದ್ದಕ್ಕೆ ಮಾತ್ರ ಆಸೆ. ಆ ಮರ ಬೇಸಿಗೆಯ ಬಿಸಿಲಿಂದಲೂ ಚಳಿಗಾಲದ ಹಿಮದಿಂದಲೂ ಮರಿಯನ್ನು ಕಾಯುತ್ತದೆ. ಅದಕ್ಕೇ ಅದನ್ನು ದಾದಿ ಮರ ಎನ್ನುತ್ತಾರೆ. ಕಳ್ಳಿಕಾಡಿನಲ್ಲಿ ಸುಣ್ಣದ ಗೂಡುಗಳಿಗೆ ಸೌದೆಗಾಗಿ ಈ ಮರಗಳನ್ನು ಕಡಿದಿದ್ದರು. ಆ ಗೂಡುಗಳ ಅವಶೇಷ ಈಗಲೂ ಅಲ್ಲಿವೆ. ಉಳಿದ ನೆಲವನ್ನು ದನಗಳು ಮೇದು ತುಳಿದಿದ್ದವು. ಕಾಡು ತುಂಬಿ ನಿಂತಂತೆ ಕಾಣುತ್ತಿದ್ದಾಗಲೇ ಮುಂದಿನ ತಲೆಮಾರು ಹುಟ್ಟುವುದು ನಿಂತುಹೋಗಿತ್ತು.

ಮೇಯಿಸುವುದು ನಿಂತ ಮೇಲೆ ದಾದಿ ಮರಗಳು ಮತ್ತೆ ಬಂದವು, ಅವುಗಳ ಅಡಿಯಲ್ಲಿ ಮರಿಗಳೂ ಬಂದವು. ತಮಾಷೆಯೆಂದರೆ ದೂರದ ಫೋಟೊದಲ್ಲಿ ಆ ಮರಿಗಳು ಕಾಣುವುದೇ ಇಲ್ಲ. ಅವು ಪೊದೆಯ ಒಳಗಿವೆಯಲ್ಲ! ಕ್ಯಾಮೆರಾ ಸೋಲುವ ಕಡೆ ಮನುಷ್ಯ ನಡೆದುಹೋಗಿ, ಬಗ್ಗಿ ನೋಡಿ ಎಣಿಸಬೇಕು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಜಾಗದಲ್ಲಿ 1990ರಿಂದ 10 ವರ್ಷಕ್ಕೊಮ್ಮೆ ಸವಾರೊ ಗಣತಿ ನಡೆಯುತ್ತದೆ. ಸ್ವಯಂಸೇವಕರು, ವಿದ್ಯಾರ್ಥಿಗಳು ಸೇರಿ ಗೊತ್ತುಮಾಡಿದ ತುಂಡುಗಳಲ್ಲಿ ಪ್ರತಿ ಗಿಡವನ್ನೂ ಅಳೆಯುತ್ತಾರೆ. 2020ರ ಗಣತಿಯ ಸುದ್ದಿ ಪೂರ್ತಿ ಸಂತೋಷದ್ದಲ್ಲ. 1990ರ ದಶಕದಿಂದ ಬರ ಹೆಚ್ಚಾಗಿ ಹೊಸ ಮರಿಗಳು ಬಹಳ ಕಡಿಮೆ ಸಿಕ್ಕಿವೆ. 2023ರ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸತತ 31 ದಿನ 43 ಡಿಗ್ರಿ ದಾಟಿತು, ರಾತ್ರಿಯೂ ತಂಪಾಗಲಿಲ್ಲ. ಅಲ್ಲಿನ ಸಸ್ಯೋದ್ಯಾನದಲ್ಲಿ ಸವಾರೊಗಳ ಕೈಗಳು ಕಳಚಿ ಬಿದ್ದವು, ಕೆಲವು ಗಿಡಗಳು ಬುಡಸಮೇತ ಉರುಳಿದವು. ರಾತ್ರಿ ಬಾಗಿಲು ತೆರೆಯುವ ಗಿಡ ಅದು ಎಂದು ಓದಿದಿರಲ್ಲ.

ಈ ವಿದ್ಯೆಯನ್ನು ಕಲಿಯಲು ಅರಿಜೋನಾಕ್ಕೆ ಹೋಗಬೇಕಿಲ್ಲ. ನಿಮ್ಮ ಊರಿನ ಒಂದು ಮರವನ್ನೋ ಕೆರೆಯನ್ನೋ ಆರಿಸಿಕೊಳ್ಳಿ. ಶಾಲೆಯ ಮೆಟ್ಟಿಲು, ಸೇತುವೆಯ ಮೂಲೆ, ಕದಲದ ಬಂಡೆ, ಇಂಥ ಗಟ್ಟಿ ಜಾಗದಲ್ಲಿ ನಿಂತು ಮೊಬೈಲಿನಲ್ಲೇ ಫೋಟೊ ತೆಗೆಯಿರಿ. ಝೂಮ್ ಮಾಡಬೇಡಿ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಚಿತ್ರದಲ್ಲಿ ಇರಲೇಬೇಕು, ಮುಂದೆ ಜಾಗ ಹುಡುಕಲು ಅವೇ ಆಧಾರ. ಪಕ್ಕದಲ್ಲಿ ಗೊತ್ತಿರುವ ಎತ್ತರದ ಗೆಳೆಯನನ್ನೋ ಗೆಳತಿಯನ್ನೋ ನಿಲ್ಲಿಸಿ. ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಹೊತ್ತಿಗೆ ಮತ್ತೆ ತೆಗೆಯಿರಿ. ಪ್ರತಿ ಚಿತ್ರದ ಜೊತೆ ತಾರೀಖು, ಗಂಟೆ, ನಿಂತ ಜಾಗ, ಮುಖ ಮಾಡಿದ ದಿಕ್ಕು, ಪಕ್ಕದಲ್ಲಿ ನಿಂತವರ ಎತ್ತರ, ಆ ವರ್ಷ ಮಳೆ ಹೇಗಿತ್ತು ಎಂಬುದನ್ನು ಬರೆದಿಡಿ. ಫೋಟೊವನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ, ಮುದ್ರಿಸಿ ಶಾಲೆಯ ವಿಜ್ಞಾನ ಕೋಣೆಯ ಕಪಾಟಿಗೆ ಕೊಡಿ. ನೀವು ಶಾಲೆ ಬಿಟ್ಟ ಮೇಲೆ ಕೆಳಗಿನ ತರಗತಿಯವರು ಅದನ್ನು ಹಿಡಿದು ಅದೇ ಮೆಟ್ಟಿಲಿನ ಮೇಲೆ ಹೋಗಿ ನಿಲ್ಲಬಹುದು.